ಟ್ರಂಕಿನ ಮೇಲಿನ ಎಡೆ

ಬಳ್ಳಾರಿ

ಆ ಭಾನುವಾರ ನಮ್ಮ ಯಜಮಾನರು ಮಾರೆಪ್ಪನವರು ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕದಲ್ಲಿ ಕೂತು ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದರು. “ಕ್ಯಾನ್ ಐ ಹೋಲ್ಡ್ ಇಟ್, ಸರ್?” ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆಲ್ಲಗೆ. ನಡುವೆ ಹೊಸ ಕ್ಯಾನ್ವಾಸ್ ಬೂಟುಗಳನ್ನು ಹಾಕಿಕೊಂಡು ಬಾಗಿಲಿನಿಂದ ನಲ್ಲಿಯವರೆಗೆ ನಡೆದು ನೋಡುತ್ತಿದ್ದರು.

“ಸರ್ ಯಾಕ್ರಿ? ನಮ್ಮ ಮನಿ ವಸ್ತು ನೋಡಾಕ ಹೊಂಟೀವಿ, ನೌಕರಿ ಕೇಳಾಕಲ್ಲ,” ಎಂದೆ.

“ಅದೂ ಖರೆ,” ಎಂದು ಸರ್ ತೆಗೆದುಹಾಕಿದರು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಬಂದು ಸೇರಿಕೊಂಡಿತ್ತು. ಮಾರೆಪ್ಪನವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಸರ್ ಅನ್ನುವುದು ಅವರ ಸಮವಸ್ತ್ರದ ಗುಂಡಿಯ ಹಾಗೆ, ನಿವೃತ್ತಿಯಾದ ಮೇಲೂ ಕಳಚಿರಲಿಲ್ಲ.

ನಾವು ನೋಡಲು ಹೊರಟಿದ್ದ ವಸ್ತು ಒಂದು ಪದಕ. ಅವರ ಮುತ್ತಜ್ಜ ಹನುಮ ಎಂಬುವರು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಕಡೆಯ ಕಾಲಾಳು ಪಲ್ಟನ್ನಿನಲ್ಲಿದ್ದು ಬರ್ಮಾ ದೇಶದ ಯುದ್ಧಕ್ಕೆ ಹೋಗಿದ್ದರು. ಅಲ್ಲಿ ಸುಬೇದಾರರಾಗಿ, ಪಿಂಚಣಿ ತೆಗೆದುಕೊಂಡು ಬಂದು, ಹಣ್ಣಾಗಿ ಮನೆಯ ಮಂಚದ ಮೇಲೇ ತೀರಿಕೊಂಡರು ಎಂದು ಮನೆಯಲ್ಲಿ ಹೇಳುತ್ತಾರೆ. ಅದಕ್ಕೇ ದಂಡಿನ, ಅಂದರೆ ಹಳೆಯ ಕಂಟೋನ್ಮೆಂಟಿನ, ಹಿಂದಿನ ನಮ್ಮ ಕೇರಿಯಲ್ಲಿ ನಮ್ಮದು ಸುಬೇದಾರರ ಮನೆ, ಅಡ್ಡಹೆಸರೂ ಅದೇ. ಹೊಸ ಬೆಲ್ಟು ಸಿಕ್ಕಾಗ ಅವರು ಮನೆಯಲ್ಲಿ ಬಿಟ್ಟುಹೋದರೆನ್ನುವ ಹಳೆಯ ಬೆಲ್ಟಿನ ಹಿತ್ತಾಳೆ ಬಿಲ್ಲೆಯೊಂದು ದೇವರ ಗೂಡಿನಲ್ಲಿದೆ. ಅದರ ಮೇಲೆ ಪಲ್ಟನ್ನಿನ ನಂಬರು ಇದೆ. ನಮ್ಮವರು ಆ ನಂಬರನ್ನು ಫೋನಿನಲ್ಲಿ ಹುಡುಕುತ್ತಾ ಹುಡುಕುತ್ತಾ ಮೆಲ್ಬರ್ನ್‌ನಲ್ಲಿ ಹಳೆಯ ಪದಕಗಳನ್ನು ಕೂಡಿಸಿಡುವ ಗ್ರಹಾಂ ಎಂಬ ಮುದುಕರೊಬ್ಬರು ಹಾಕಿದ್ದ ಫೋಟೋ ಕಂಡಿದ್ದರು. ಪದಕ ಕಪ್ಪುಗಟ್ಟಿತ್ತು, ಯಾವ ಲೋಹವೆಂದು ತಿಳಿಯುತ್ತಿರಲಿಲ್ಲ. ಆದರೆ ಅದರ ಅಂಚಿನಲ್ಲಿ ಹನುಮ ಎಂಬ ಹೆಸರೂ ಅದೇ ನಂಬರೂ ಕಾಣುತ್ತಿದ್ದವು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಏನು ಇಷ್ಟಪಡುತ್ತಿದ್ದರೋ ಅದನ್ನೇ ಬಡಿಸುತ್ತೇವೆ. ಮಾಂಸ, ವಡೆ, ಕೆಲವರಿಗೆ ಬೀಡಿ. ಒಬ್ಬೊಬ್ಬರ ಹೆಸರು ಕರೆದು “ಉಂಡು ಹೋಗ್ರಿ” ಎನ್ನುತ್ತೇವೆ. ಎಲ್ಲರ ಎಲೆ ನೆಲದ ಮೇಲೆ. ಹನುಮಪ್ಪನ ಎಲೆ ಮಾತ್ರ ಹೊಸ್ತಿಲ ಪಕ್ಕದ ಟ್ರಂಕಿನ ಮೇಲೆ. ಅವರಿಗೆ ಹೇಳುವ ಮಾತೂ ಬೇರೆ: “ಬಂದಾಗ ಉಣ್ರಿ.” ಹೊಸ ಸೊಸೆಯಾಗಿದ್ದಾಗ ಯಾಕೆಂದು ಕೇಳಿದ್ದೆ. “ಪಹರೆ ಮ್ಯಾಲ ಅದಾರವ್ವ, ನೆಲಕ್ಕ ಕುಂದ್ರಂಗಿಲ್ಲ,” ಎಂದಿದ್ದರು ಅತ್ತೆ. ಸಿಪಾಯಿಗೆ ತಕ್ಕ ಮಾತು ಎಂದುಕೊಂಡು ನಾನೂ ಹಾಗೇ ಮಾಡುತ್ತ ಬಂದೆ.

ಈ ಸಲ ಆ ಪದಕದ ಮುಂದೆಯೇ ಎಡೆ ಇಡಬೇಕೆಂಬುದು ನಮ್ಮವರ ಆಸೆ. ಮೊದಲು ಸಿಡ್ನಿಗೆ, ಅಮಾವಾಸ್ಯೆಗೆ ಮೆಲ್ಬರ್ನ್‌ನಲ್ಲಿರುವ ಹಾಗೆ ಟಿಕೆಟ್ ಆಗಿತ್ತು. ಹೊರಡಲು ಇನ್ನೂ ಮೂರು ವಾರವಿದ್ದರೂ ಭಾನುವಾರ ರಾತ್ರಿ ನೀಲಿ ಸೂಟ್‌ಕೇಸನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ಮಲಗಿದರು. ಸೋಮವಾರ ಬೆಳಿಗ್ಗೆ ಮಂಚದಿಂದ ಎದ್ದು ಲುಂಗಿ ಕಟ್ಟಿಕೊಳ್ಳುತ್ತಲೇ ಕುಸಿದರು. ಆಟೋದಲ್ಲಿ ನನ್ನ ತೊಡೆಯ ಮೇಲೆ ಅವರ ತಲೆಯಿತ್ತು. ಆಸ್ಪತ್ರೆ ಸಿಗುವ ಮೊದಲೇ ಅವರ ಕಣ್ಣನ್ನು ನಾನೇ ಮುಚ್ಚಿದೆ.

ದಿನಕರ್ಮ ಮುಗಿದ ಮೇಲೆ ಮೈದುನ ಹೇಳಿದರು, “ಅತ್ತಿಗಿ, ವರ್ಷ ಕಳೀಲಿ. ಅಣ್ಣನ ಮೊದಲ್ನೇ ಎಡಿ ಈ ಮನ್ಯಾಗೇ ಆಗಬೇಕು. ಗಂಡ ಸತ್ತಾಕಿ ಸಮುದ್ರ ದಾಟಿದ್ಲು ಅಂದ್ರ ಕೇರ್ಯಾಗ ಏನಂತಾರ?”

“ಏನಂತಾರ? ದಾಟಿದ್ಲು ಅಂತಾರ,” ಎಂದೆ.

ನಮ್ಮವರ ಟಿಕೆಟ್ ರದ್ದಾಯಿತು. ನನ್ನದನ್ನು ನಾನು ರದ್ದು ಮಾಡಲಿಲ್ಲ. ಅವರ ಮೊದಲ ಎಡೆಯೂ ಆ ಪದಕದ ಮುಂದೆಯೇ ಆಗಬೇಕೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ.

ಸಿಡ್ನಿ ವಿಮಾನ ನಿಲ್ದಾಣ

ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಏನೇನು ತಂದಿದ್ದೀರಿ ಎಂದು ಕೇಳಿದ್ದರು. ತಪ್ಪಾದೀತೆಂದು ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದೆ. ಹಾಗಾಗಿ ಸಾಲಿನಿಂದ ಪಕ್ಕಕ್ಕೆ ಕರೆದು ಉದ್ದನೆಯ ಉಕ್ಕಿನ ಮೇಜಿನ ಮುಂದೆ ನಿಲ್ಲಿಸಿದರು. ಕೈಗವಸು ಹಾಕಿದ ಹುಡುಗಿಯೊಬ್ಬಳು ನೀಲಿ ಸೂಟ್‌ಕೇಸಿನ ಎದೆಯನ್ನು ಬಿಚ್ಚಿದಳು. ಖಡಕ್ ರೊಟ್ಟಿಯ ಕಟ್ಟನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡಿದಳು. ಶೇಂಗಾ ಚಟ್ನಿಪುಡಿ ಮೂಸಿ ಸೀನಿದಳು.

ನಾನು ಕಲಿತದ್ದು ಎಸ್ಸೆಸ್ಸೆಲ್ಸಿಯವರೆಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರಿಂದ ನನ್ನ ಇಂಗ್ಲಿಷೆಲ್ಲ ಚಿಕ್ಕ ಚಿಕ್ಕ ತುಂಡು: ನಂಬರ್ ಪ್ಲೀಸ್, ಹೋಲ್ಡ್ ಆನ್, ನೋ ರಿಪ್ಲೈ.

ಬೀಡಿ ಕಟ್ಟು ಅವಳ ಕೈಗೆ ಬಂತು.

“ನೀವು ಸೇದುತ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನೋ. ಹಸ್ಬೆಂಡ್.”

“ಅವರೆಲ್ಲಿ?” ಎಂದು ನನ್ನ ಹಿಂದೆ ಇಣುಕಿದಳು.

“ನೋ ರಿಪ್ಲೈ,” ಎಂದುಬಿಟ್ಟೆ. ಆಮೇಲೆ ಸರಿಮಾಡಿ, “ಡೆಡ್,” ಎಂದೆ.

ಅವಳು ಬೀಡಿ ಕಟ್ಟನ್ನು ಇದ್ದ ಜಾಗದಲ್ಲೇ, ಕ್ಯಾನ್ವಾಸ್ ಬೂಟಿನ ಮಗ್ಗುಲಲ್ಲಿ, ಮೊದಲಿಗಿಂತ ಮೆತ್ತಗೆ ಇಟ್ಟಳು. ಎಡೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ವೀಳ್ಯದೆಲೆಯ ಮೇಲೆ ಮಾತ್ರ ಕರುಣೆ ತೋರಲಿಲ್ಲ. ಹಸಿ ಎಲೆ ಒಳಗೆ ಬಿಡುವುದಿಲ್ಲವಂತೆ. ಸಾರಿ, ಸಾರಿ ಅನ್ನುತ್ತಲೇ ಒಂದು ಹಳದಿ ಡಬ್ಬಕ್ಕೆ ಹಾಕಿದಳು. ಸತ್ತವರ ಬೀಡಿ ಬಿಟ್ಟರು, ಎಲೆ ಬಿಡಲಿಲ್ಲ.

ಕೊನೆಗೆ ಹಿತ್ತಾಳೆ ಬಿಲ್ಲೆ. ಅದನ್ನು ಬೆಳಕಿಗೆ ಹಿಡಿದು, “ಆರ್ಮಿ?” ಎಂದಳು.

“ನಮ್ಮ ಮನೆಯದು,” ಎಂದೆ. ಕನ್ನಡದಲ್ಲೇ ಹೇಳಿದೆ. ಅವಳು ತಲೆಯಾಡಿಸಿದಳು.

ಕೆಲ್ಲಿವಿಲ್

ಮೈದುನನ ಮಗಳು ಸುಜಾತಾ ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯಲ್ಲಿ ಮನೆ ಮಾಡಿದ್ದಾಳೆ. ಓದಲು ಬಂದವಳು ಇಲ್ಲೇ ಕೆಲಸ ಹಿಡಿದು, ಕಾಯಂ ಇರಲು ಪಿಆರ್ ತೆಗೆದುಕೊಂಡು, ಮೈಸೂರಿನ ಕಿರಣನನ್ನು ಮದುವೆಯಾದಳು. ದೊಡ್ಡ ಮನೆ. ಬಚ್ಚಲುಮನೆಗಳೇ ಮೂರು. ಹೊಸ್ತಿಲು ಮಾತ್ರ ಇಲ್ಲ. ಹೊರಗಿನ ನೆಲ ಹಾಗೆಯೇ ಒಳಗೆ ಹರಿದುಬರುತ್ತದೆ. ಮೊದಲ ದಿನ ದಾಟಲು ಕಾಲೆತ್ತಿ, ಏನೂ ಸಿಗದೆ ಮುಗ್ಗರಿಸಿದೆ.

ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ. ಕಾರು ಬರುತ್ತದೆ, ಗ್ಯಾರೇಜಿನ ಬಾಗಿಲು ತಾನೇ ಬಾಯಿ ತೆರೆದು ನುಂಗುತ್ತದೆ. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಬೀದಿಗೆಲ್ಲ ಗೊತ್ತು. ಇಲ್ಲಿ ಪಕ್ಕದ ಮನೆಯವರ ಹೆಸರು ಕೇಳಿದರೆ ಕಿರಣ ಸ್ವಲ್ಪ ಯೋಚಿಸಿ, “ಒಳ್ಳೆ ಜನ ದೊಡ್ಡಮ್ಮ,” ಎಂದ.

ಬೆಳಿಗ್ಗೆ ಒಬ್ಬಳೇ ನಡೆಯಲು ಹೋದಾಗ ಕಪ್ಪು ಬಿಳಿ ಹಕ್ಕಿಯೊಂದು ಹಿಂದಿನಿಂದ ಬಂದು ತಲೆಗೆ ಕುಕ್ಕಿ ಹೋಯಿತು. ಮ್ಯಾಗ್‌ಪೈ. ಮರಿ ಮಾಡುವ ಕಾಲದಲ್ಲಿ ಹೀಗೆ ಎರಗುತ್ತದಂತೆ. ಎದುರಿಗೆ ಬಂದ ಸೈಕಲ್ ಸವಾರನ ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿಗಳು ಮುಳ್ಳುಹಂದಿಯ ಹಾಗೆ ಎದ್ದಿದ್ದವು, ಹಕ್ಕಿಯನ್ನು ಹೆದರಿಸಲು. ನಾನು ಸೆರಗು ಹೊದ್ದು ಅದೇ ದಾರಿಯಲ್ಲಿ ಮರುದಿನವೂ ಹೋದೆ. ಅದರ ಬೀದಿಯಾದರೆ ನನ್ನದೂ ಸ್ವಲ್ಪ ಹೌದು.

ಶನಿವಾರ ಊಟಕ್ಕೆ ಶ್ರೀಧರ್ ಎಂಬುವರು ಹೆಂಡತಿಯೊಂದಿಗೆ ಬರುವವರಿದ್ದರು. ಅಲ್ಲಿನ ಕನ್ನಡಿಗರ ಕಾರ್ಯಕ್ರಮಗಳನ್ನು ನಡೆಸುವವರು, ಇತಿಹಾಸ ಓದಿಕೊಂಡವರು. ಈ ಸಲ ‘ನಮ್ಮ ಹಿರಿಯರು’ ಎಂದು ಏನೋ ಮಾಡುತ್ತಿದ್ದರಂತೆ, ಪದಕದ ಸಂಗತಿ ಕೇಳಿ ಆಸೆಪಟ್ಟಿದ್ದರು. ಸುಜಾತಾ ಬೆಳಿಗ್ಗೆಯಿಂದ ನನ್ನ ಹಿಂದೆ ಮುಂದೆ ಸುಳಿದಳು.

“ದೊಡ್ಡಮ್ಮ, ಅಂಕಲ್ ಮುಂದೆ ಜಾಸ್ತಿ ಡೀಟೇಲ್ ಬೇಡ, ಪ್ಲೀಸ್.”

“ಯಾವ ಡೀಟೇಲು?”

“ಗೊತ್ತಲ್ಲ,” ಎಂದು ಸೌತೆಕಾಯಿ ಹೆಚ್ಚತೊಡಗಿದಳು.

ಶ್ರೀಧರ್ ಕೆಟ್ಟವರಲ್ಲ. ನಮ್ಮವರ ಸಾವಿಗೆ ಮರುಗಿದರು, ನನ್ನ ರೊಟ್ಟಿ ಮುರಿದು ಮೊಸರಲ್ಲಿ ಅದ್ದಿ ಹೊಗಳಿದರು. ಆಮೇಲೆ ಕೇಳಿದರು, “ಅಮ್ಮ, ಸುಬೇದಾರ್ ಅಂದ್ರೆ ನೀವು ಮರಾಠಾ ಕಡೆಯವರಾ, ಇಲ್ಲ ಪಾಳೇಗಾರರ ಪೈಕಿಯಾ? ಸುಜಾತಾನ ಕೇಳಿದ್ರೆ ನಕ್ಕು ಸುಮ್ಮನಾಗ್ತಾಳೆ.”

“ಛಲವಾದಿಗಳು ನಾವು. ಬಳ್ಳಾರಿ ದಂಡಿನ ಹಿಂದಿನ ಕೇರಿಯವರು.”

ಸುಜಾತಾ ನೀರು ತರುವ ನೆಪದಲ್ಲಿ ಎದ್ದಳು. ಜಗ್ಗಿನ ತುಂಬ ನೀರಿತ್ತು.

“ಅಯ್ಯೋ, ಅದೆಲ್ಲ ಈಗ ಯಾರು ನೋಡ್ತಾರೆ ಬಿಡಿ ಅಮ್ಮ,” ಎಂದರು ಶ್ರೀಧರ್.

“ನೀವು ಈಗ ನೋಡಿದ್ರಲ್ಲ.”

ಕಿರಣನಿಗೆ ಕೆಮ್ಮು ಬಂತು. ಶ್ರೀಧರ್ ಸ್ವಲ್ಪ ಕೆಂಪಾದರು. “ತಪ್ಪು ತಿಳ್ಕೋಬೇಡಿ. ಹಿಸ್ಟರಿ ದೃಷ್ಟಿಯಿಂದ ಹೇಳ್ತೀನಿ. ಪಲ್ಟನ್ ಹಿಂದೆ ಟೆಂಟ್ ಹೊರೋರು, ಹುಲ್ಲು ಕೊಯ್ಯೋರು ಅಂತ ಸಾವಿರಾರು ಜನ ಹೋಗ್ತಿದ್ರು. ಮೂರು ತಲೆಮಾರು ಕಳೆದ ಮೇಲೆ ಅವರೇ ಮನೆಮಾತಿನಲ್ಲಿ ಸಿಪಾಯಿ ಆಗಿಬಿಡ್ತಾರೆ, ಸುಬೇದಾರ್ ಆಗಿಬಿಡ್ತಾರೆ. ಸಹಜ ಅದು. ಪದಕ ಬೇರೆ ಯಾರೋ ಹನುಮಂದಿರಬಹುದು.”

“ಇರಬಹುದು. ನೋಡಿ ಬರ್ತೀನಿ.”

“ಫೋಟೋ ಕಳಿಸಿ. ಪ್ರೋಗ್ರಾಮಲ್ಲಿ ‘ಒಬ್ಬ ಕನ್ನಡ ಸಿಪಾಯಿ’ ಅಂತ ಹಾಕೋಣ. ಅಷ್ಟೇ ಸಾಕಲ್ವಾ?”

“ಹಾಕೋದಾದ್ರ ಪೂರಾ ಹಾಕ್ರಿ. ಹೆಸರು, ಊರು, ಕೇರಿ. ಇಲ್ಲಾಂದ್ರ ಬಿಡ್ರಿ, ಇಷ್ಟು ದಿನ ಅವರಿಗೇನು ಯಾರೂ ಫೋಟೋ ಹಾಕಿದ್ದಿಲ್ಲ.”

ಅವರು ಹೋದ ಮೇಲೆ ಸುಜಾತಾ ಪಾತ್ರೆಗಳನ್ನು ಯಂತ್ರಕ್ಕೆ ತುಂಬುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ತಟ್ಟೆಗಳು ಒಂದಕ್ಕೊಂದು ಜೋರಾಗಿಯೇ ತಾಗುತ್ತಿದ್ದವು.

ಚಾಟ್ಸ್‌ವುಡ್

ಸೋಮವಾರ ಅವಳೊಂದಿಗೆ ಮೆಟ್ರೋ ಹತ್ತಿ ಚಾಟ್ಸ್‌ವುಡ್‌ಗೆ ಹೋದೆ. ಅವಳ ಆಫೀಸು ಅಲ್ಲಿದೆ. ನನಗೆ ಬಾಳೆ ಎಲೆ ಬೇಕಿತ್ತು. ಗಾಡಿಯ ಮುಂಭಾಗಕ್ಕೆ ಹೋಗಿ ನೋಡಿದರೆ ಬರೀ ಗಾಜು. ಡ್ರೈವರನೇ ಇಲ್ಲ. ಹಿಂದೆ ನೋಡಿದೆ, ಗಾರ್ಡೂ ಇಲ್ಲ. ಹಸಿರು ಬಾವುಟವಿಲ್ಲ, ಸೀಟಿಯಿಲ್ಲ, ಗಾಡಿ ತನ್ನಷ್ಟಕ್ಕೆ ಹೊರಟಿತು. ಇದನ್ನು ಹೇಳಲು ಪಕ್ಕಕ್ಕೆ ತಿರುಗಿದೆ. ನಮ್ಮವರಿಗೆ ಹೇಳಲು. ಎಷ್ಟು ಜಗಳ ತೆಗೆಯುತ್ತಿದ್ದರೋ! ಗಾರ್ಡ್ ಇಲ್ಲದ ಗಾಡಿಗೆ ಹಿಂದೆ ಏನಾಯಿತೆಂದು ಹೇಳುವವರು ಯಾರು, ಎಂದು ಆ ಇಡೀ ಡಬ್ಬಿಯವರನ್ನು ಕೇಳುತ್ತಿದ್ದರು.

ಸುಜಾತಾ ಕೊನೆಗೂ ಮಾತಾಡಿದಳು. “ದೊಡ್ಡಮ್ಮ, ಇಲ್ಲಿ ಯಾರೂ ಕೇಳಲ್ಲ ಅಂತಾನೇ ನಾನು ಇಲ್ಲಿಗೆ ಬಂದಿದ್ದು.”

“ಕೇಳಿದ್ರಲ್ಲ?”

“ಕೇಳಿದ್ರೆ ಸುಬೇದಾರ್ ಅಂತಿದ್ದೆ, ಮುಗೀತಿತ್ತು. ನೀವು ಫ್ಲೈಟ್ ಹತ್ತಿ ಹೋಗ್ತೀರಾ. ನಾನು ಇದೇ ಸಬರ್ಬ್‌ನಲ್ಲಿ ಇರಬೇಕು. ಶ್ರೀಧರ್ ಅಂಕಲ್ ಮನೆ ಆಂಟಿ ದಿನಾ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸ್ತಿದ್ರು. ನಿನ್ನೆ ಇಲ್ಲ, ಇವತ್ತೂ ಇಲ್ಲ.”

ಅವಳು ಹೇಳಿದ್ದು ನಿಜ. ನಾನು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಕಿಟಕಿಯಾಚೆ ನೋಡಿದೆವು. ಗಾಡಿ ಸುರಂಗ ಹೊಕ್ಕಿದ್ದರಿಂದ ಗಾಜಿನಲ್ಲಿ ನಮ್ಮ ಮುಖಗಳೇ ಕಂಡವು. ಅವಳ ಗಲ್ಲ ಥೇಟ್ ನಮ್ಮವರದು.

ಚೀನೀಯರ ಅಂಗಡಿಯಲ್ಲಿ ಬಾಳೆ ಎಲೆ ಸಿಕ್ಕಿತು, ಮಡಚಿ, ಐಸುಗಡ್ಡೆ ಮಾಡಿ, ಪ್ಲಾಸ್ಟಿಕ್ಕಿನಲ್ಲಿ. ಹಲಗೆಯ ಹಾಗೆ ಗಟ್ಟಿ. ಅದರಿಂದ ಅಂಗಡಿಯ ಕಟ್ಟೆಯನ್ನು ಟಕ್ ಟಕ್ ಎಂದು ಕುಟ್ಟಿ ತೋರಿಸಿದೆ. ಸುಜಾತಾ ತಡೆಯಲಾರದೆ ನಕ್ಕಳು.

“ಇದರಲ್ಲಿ ಎಡೆ ಇಟ್ರೆ ದೊಡ್ಡಪ್ಪ ಬೈತಾರೆ.”

“ಬೈಲಿ. ಬರಲಿ ಮೊದಲು.”

ನಗು ಅಲ್ಲಿಗೇ ನಿಂತಿತು. ಎಲೆಯ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳು ಫೋನ್ ತೆರೆದಳು. “ಮೆಲ್ಬರ್ನ್‌ಗೆ ನಾನೂ ಬರ್ತೀನಿ. ನೀವೊಬ್ಬರೇ ಅಲ್ಲಿ ಮಟನ್ ಹುಡುಕ್ಕೊಂಡು ಅಲೆಯೋದು ಬೇಡ.”

ಡಾಕ್‌ಲ್ಯಾಂಡ್ಸ್

ಮೆಲ್ಬರ್ನ್‌ನಲ್ಲಿ ಗಾಳಿ ನಾಲ್ಕು ದಿಕ್ಕಿನಿಂದಲೂ ಒಟ್ಟಿಗೆ ಬೀಸುತ್ತದೆ. ಡಾಕ್‌ಲ್ಯಾಂಡ್ಸ್ ಎಂದರೆ ನೀರಿನ ಅಂಚಿನಲ್ಲಿ ಸಾಲಾಗಿ ನಿಂತ ಗಾಜಿನ ಕಟ್ಟಡಗಳು. ಗ್ರಹಾಂ ಅವರ ಮನೆ ಅಂಥದೊಂದರಲ್ಲಿ. ನಮಗೂ ಹತ್ತಿರದಲ್ಲೇ ಅಡುಗೆಮನೆಯಿರುವ ಕೋಣೆ ಸಿಕ್ಕಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಅಲ್ಲಿ ಮಟನ್ ಸಾರು, ಅನ್ನ, ವಡೆ, ಕರಿಗಡುಬು ಮಾಡಿದೆವು. ಕರಿಗಡುಬಿನ ಅಂಚು ಒತ್ತುವುದು ಸುಜಾತಾಗೆ ಮರೆತಿರಲಿಲ್ಲ. ಡಬ್ಬಿಗಳನ್ನು ನೀಲಿ ಸೂಟ್‌ಕೇಸಿನಲ್ಲಿ ಹೊಂದಿಸಿಕೊಂಡು ಟ್ರಾಮ್ ಹತ್ತಿದೆವು. ಅದು ಉಲ್ಟಾ ದಿಕ್ಕಿನದು. ಗೊತ್ತಾಗುವಷ್ಟರಲ್ಲಿ ಊರ ನಡುವೆ ಬಂದಿದ್ದೆವು. ಬೆಚ್ಚಗಿನ ಟ್ರಾಮಿನ ತುಂಬ ಮಸಾಲೆಯ ವಾಸನೆ. ಕೋಟು ಹಾಕಿದ ಬ್ಯಾಂಕಿನವರಂಥ ಒಬ್ಬರು ಸೂಟ್‌ಕೇಸನ್ನು ನೋಡಿ, ನನ್ನನ್ನು ನೋಡಿ, “ಲಕ್ಕಿ ಯು,” ಎಂದರು.

ಗ್ರಹಾಂ ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದಾರೆ. ಚಪ್ಪಲಿ ಬಿಡುತ್ತಿದ್ದ ನಮ್ಮನ್ನು ನೋಡಿ ತಾವೂ ಬೂಟು ಬಿಚ್ಚಿದರು. ಒಂದು ಕಾಲುಚೀಲ ತೂತಾಗಿತ್ತು, ಬೆರಳನ್ನು ಒಳಗೆ ಮಡಚಿಕೊಂಡರು. ಎಡೆಯ ವಿಚಾರವನ್ನು ಸುಜಾತಾ ಮೊದಲೇ ತಿಳಿಸಿದ್ದಳು. ಅವರದೊಂದೇ ಕೋರಿಕೆ: ಹೊಗೆ ಬೇಡ, ಚಾವಣಿಯ ಅಲಾರಂ ಕೂಗಿ ಅಗ್ನಿಶಾಮಕದವರು ಬಂದುಬಿಡುತ್ತಾರೆ.

ಬಿಳಿ ಹತ್ತಿಯ ಕೈಗವಸು ಹಾಕಿ, ಕಬ್ಬಿಣದ ಬೀರುವಿನ ತೆಳ್ಳನೆಯ ಡ್ರಾಯರ್ ಎಳೆದು, ಪದಕವನ್ನು ಹಸಿರು ಬಟ್ಟೆಯ ಮೇಲೆ ಇಟ್ಟರು. ನಾನು “ಕ್ಯಾನ್ ಐ ಹೋಲ್ಡ್ ಇಟ್?” ಎಂದೆ. ಅಲ್ಲಿಗೇ ನಿಲ್ಲಿಸಿದೆ. ಆ ಕೊನೆಯ ಪದ ಇಲ್ಲದೆಯೂ ಅವರು ಕೊಟ್ಟರು.

ತಣ್ಣಗಿತ್ತು. ಅಂದುಕೊಂಡದ್ದಕ್ಕಿಂತ ಭಾರ. ನಾನು ಸೆರಗಿನ ಗಂಟಿನಿಂದ ಹಿತ್ತಾಳೆ ಬಿಲ್ಲೆ ತೆಗೆದು ಪಕ್ಕದಲ್ಲಿಟ್ಟೆ. ಎರಡರ ಮೇಲೂ ಒಂದೇ ನಂಬರು. ಗ್ರಹಾಂ ಎರಡನ್ನೂ ಒಂದೊಂದಾಗಿ ಓದಿ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, “ಕ್ಯಾನ್ ಐ ಹೋಲ್ಡ್ ಇಟ್?” ಎಂದು ಕೇಳಿದರು.

“ಹೋಲ್ಡ್ ಆನ್,” ಎಂದಿತು ನನ್ನ ಬಾಯಿ, ಎಕ್ಸ್‌ಚೇಂಜಿನ ಅಭ್ಯಾಸದಿಂದ. ಸುಜಾತಾ ಬಿದ್ದು ಬಿದ್ದು ನಕ್ಕಳು. ನಾನು ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಅವರ ಅಂಗೈಯಲ್ಲಿ ಇಟ್ಟೆ.

ಮುಂದೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಜಾತಾ ಕನ್ನಡದಲ್ಲಿ ಹೇಳುತ್ತ ಹೋದಳು. ಪದಕ ಬೆಳ್ಳಿಯದು. ಆ ಯುದ್ಧಕ್ಕೆ ಸಿಪಾಯಿಗಳಿಗೆ ಬೆಳ್ಳಿ, ಹಿಂದೆ ಹೊರೆ ಹೊತ್ತು ಹೋದವರಿಗೆ ಕಂಚು ಕೊಡುತ್ತಿದ್ದರು. ಹಾಗಾಗಿ ಈ ಹನುಮ ಬಂದೂಕು ಹಿಡಿದವನೇ, ಅದರಲ್ಲಿ ಅನುಮಾನವಿಲ್ಲ.

ಸುಜಾತಾ ಮೇಜಿನ ಮೇಲೆ ಅಂಗೈ ತಟ್ಟಿದಳು. “ಶ್ರೀಧರ್ ಅಂಕಲ್‌ಗೆ ಹೇಳಿ ದೊಡ್ಡಮ್ಮ! ಬೆಳ್ಳಿ!”

ನನಗೂ ಎದೆ ತುಂಬಿತು. ಆದರೂ ಹೇಳಿದೆ, “ಕಂಚಿನದಾಗಿದ್ರೂ ನಾನು ಬರ್ತಿದ್ದೆ, ತಂಗೀ. ಹುಲ್ಲು ಕೊಯ್ದ್ರೇನು, ಅವನೂ ಸಮುದ್ರ ದಾಟಿದ್ನಲ್ಲ.”

ಗ್ರಹಾಂ ಭೂತಗನ್ನಡಿ ಕೊಟ್ಟು ಅಂಚನ್ನು ತಿರುಗಿಸಿದರು. ಫೋಟೋದಲ್ಲಿ ಕಾಣದಿದ್ದ ಭಾಗದಲ್ಲಿ ಅವರ ದರ್ಜೆಯಿತ್ತು. ಸುಬೇದಾರ್ ಅಲ್ಲ. ಸಿಪಾಯಿ. ಬರೀ ಸಿಪಾಯಿ.

“ನನ್ನ ಪಾಸ್‌ಪೋರ್ಟ್‌ನಲ್ಲಿ ಸುಬೇದಾರ್ ಅಂತಿದೆ,” ಎಂದಳು ಸುಜಾತಾ. “ಮಾರ್ಟ್‌ಗೇಜ್‌ನಲ್ಲೂ ಅದೇ ಇದೆ!”

“ಇರಲಿ ಬಿಡು. ಪ್ರಮೋಷನ್ ನಾವೇ ಕೊಟ್ಟೀವಿ.”

ಅವಳು ಆಗಲೇ ಫೋಟೋ ತೆಗೆದು ಶ್ರೀಧರ್ ಅವರಿಗೆ ಕಳಿಸಿದಳು. ಕೆಳಗೆ ಬರೆದದ್ದನ್ನು ಓದಿ ತೋರಿಸಿದಳು: ಹನುಮ, ಸಿಪಾಯಿ, ಛಲವಾದಿ ಕೇರಿ, ಬಳ್ಳಾರಿ, ನನ್ನ ಮುತ್ತಜ್ಜನ ತಂದೆ ಇರಬೇಕು. ‘ಇರಬೇಕು’ ಅನ್ನುವುದನ್ನು ಅವಳು ಅಳಿಸಹೋದಾಗ ನಾನೇ ಬೇಡವೆಂದೆ. ಆ ಪಲ್ಟನ್ನಿನಲ್ಲಿ ಇನ್ನೊಬ್ಬ ಹನುಮ ಇರಲಿಲ್ಲವೆಂದು ಗ್ರಹಾಂ ಕೂಡ ಹೇಳಲಾರರು. ನಮಗೆ ಗೊತ್ತಿರುವಷ್ಟೇ ಸಾಕು, ಅದೇ ಬೇಕಾದಷ್ಟಿದೆ.

ಗ್ರಹಾಂ ಇನ್ನೂ ಪದಕವನ್ನು ತಿರುಗಿಸುತ್ತಿದ್ದರು. ಹೇಳಲೋ ಬೇಡವೋ ಎನ್ನುವಂತೆ ನಮ್ಮಿಬ್ಬರ ಮುಖ ನೋಡಿ, ಮತ್ತೆ ಹೇಳಿದರು. ತೊಟ್ಟ ಪದಕ ಹೀಗಿರುವುದಿಲ್ಲ. ಅಂಗಿಗೆ ಉಜ್ಜಿ ಉಜ್ಜಿ ಉಬ್ಬು ಸವೆಯುತ್ತದೆ, ಬೇರೆ ಪದಕಕ್ಕೆ ತಾಗಿ ಗೀರು ಬೀಳುತ್ತದೆ. ಇದು ಅಚ್ಚಿನಿಂದ ಬಂದ ಹಾಗೇ ಇದೆ. ಒಂದು ದಿನವೂ ಯಾರ ಎದೆಯ ಮೇಲೂ ಇದ್ದಂತಿಲ್ಲ. ಇಂಥವು ಹೆಚ್ಚಾಗಿ ಯಾರೂ ಬಂದು ತೆಗೆದುಕೊಳ್ಳದೆ ಉಳಿದವು.

“ಯಾಕ ತಗೊಳ್ಳಲಿಲ್ಲ ಅಂತ ಕೇಳು,” ಎಂದೆ.

ಸುಜಾತಾ ಕೇಳಿದಳು. ಉತ್ತರವನ್ನು ಕೂಡಲೇ ಹೇಳಲಿಲ್ಲ. “ಖಚಿತ ಅಲ್ಲ ಅಂತಾರೆ ದೊಡ್ಡಮ್ಮ. ಆದ್ರೆ ಮನುಷ್ಯ ವಾಪಸ್ ಬಂದಿರಲಿಕ್ಕಿಲ್ಲ ಅಂತೆ. ಅಲ್ಲಿ ಗುಂಡಿಗಿಂತ ಜ್ವರಕ್ಕೆ ಹೋದವರೇ ಜಾಸ್ತಿ ಅಂತೆ.”

ಅಂದರೆ ಪಿಂಚಣಿಯಿಲ್ಲ. ಮಂಚವಿಲ್ಲ. ಹಣ್ಣಾದ ಮುದುಕನಿಲ್ಲ.

ನಾನು ಕುರ್ಚಿಯಲ್ಲಿ ಕೂತೆ. ಕಿಟಕಿಯ ಹೊರಗೆ ಕಡಲಹಕ್ಕಿಗಳು ಗಾಳಿಗೆ ಎದುರಾಗಿ ಒಂದೇ ಜಾಗದಲ್ಲಿ ತೇಲುತ್ತಿದ್ದವು. ಬಂದಾಗ ಉಣ್ರಿ. ಮದುವೆಯಾದಾಗಿನಿಂದ ಪ್ರತಿ ವರ್ಷ ನಾನೇ ಹೇಳಿದ ಮಾತು. ಸತ್ತವರಿಗೆ ಉಂಡು ಹೋಗಿ ಅನ್ನುತ್ತೇವೆ. ಬಂದಾಗ ಉಣ್ಣಿ ಅಂತ ಯಾರಿಗೆ ಹೇಳುತ್ತೇವೆ? ಪಾಳಿ ಮುಗಿಸಿ ಬರುವುದು ತಡವಾದ ಗಂಡನಿಗೆ. ಗೂಡ್ಸ್ ಗಾಡಿ ಎಲ್ಲೋ ನಿಂತು ನಮ್ಮವರು ಬಾರದಿದ್ದ ದಿನಗಳಲ್ಲಿ ನಾನೂ ತಟ್ಟೆ ಮುಚ್ಚಿ ಎತ್ತರದಲ್ಲಿಟ್ಟು, ಎಕ್ಸ್‌ಚೇಂಜಿನ ಪಾಳಿಗೆ ಹೊರಡುವ ಮುಂಚೆ ಪಕ್ಕದ ಮನೆಯವರಿಗೆ ಅದನ್ನೇ ಹೇಳಿ ಹೋಗುತ್ತಿದ್ದೆ.

ಅದು ಪಹರೆಯ ಮಾತಲ್ಲ. ಹನುಮಪ್ಪನ ಹೆಂಡತಿಯ ಮಾತು. ಊರಿನವರು ಎಡೆ ಇಡು ಎಂದಿರಬೇಕು, ಬಳೆ ತೆಗೆ ಎಂದಿರಬೇಕು. ಅವಳು ಹೆಣ ನೋಡಿರಲಿಲ್ಲ. ಅವನ ಎಲೆಯನ್ನು ಸತ್ತವರ ಸಾಲಿನಲ್ಲಿ ಹಾಕಲು ಅವಳು ಒಪ್ಪಲಿಲ್ಲ. ಬಾಗಿಲ ಬಳಿ, ಟ್ರಂಕಿನ ಮೇಲೆ, ಬಂದ ಕೂಡಲೇ ಕೈಗೆ ಸಿಗುವ ಹಾಗೆ ಇಟ್ಟಳು. ಸಾಯುವವರೆಗೂ ಹಾಗೇ ಇಟ್ಟಿರಬೇಕು. ಇದನ್ನು ನನಗೆ ಯಾರೂ ಹೇಳಿಲ್ಲ, ಹೇಳುವವರು ಉಳಿದಿಲ್ಲ. ಆದರೆ ಆ ಮಾತನ್ನು ಅವಳಲ್ಲದೆ ಇನ್ನು ಯಾರು ಕಲಿಸಿಯಾರು?

ಸುಜಾತಾಗೆ ಹೇಳಿದೆ. ಅವಳು ಗ್ರಹಾಂಗೆ ಹೇಳಿದಳು. ಅವರು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

ಎಡೆ

ಬಾಳೆ ಎಲೆ ಕರಗಿ ಮೆತ್ತಗಾಗಿತ್ತು, ಅಲ್ಲಲ್ಲಿ ಕಪ್ಪಾಗಿತ್ತು. ಪರವಾಗಿಲ್ಲವೆಂದು ಒರೆಸಿದೆ. ಗ್ರಹಾಂ ಕಿಟಕಿಯ ಬಳಿ ನೆಲದ ಮೇಲೆ ಹಾಸಲು ಪಾತ್ರೆ ಒರೆಸುವ ಹೊಸ ಬಟ್ಟೆ ತಂದುಕೊಟ್ಟರು. ಪದಕವನ್ನೂ ಬಿಲ್ಲೆಯನ್ನೂ ಅದರ ಒಂದು ತುದಿಯಲ್ಲಿ ಇಟ್ಟೆ.

“ದೊಡ್ಡಮ್ಮ, ಹನುಮಪ್ಪನ ಎಲೆ?” ಎಂದಳು ಸುಜಾತಾ. “ಈಗ ಗೊತ್ತಾಯ್ತಲ್ಲ. ನೆಲದ ಮೇಲೇ ಇಡೋದಾ?”

“ಆಕಿ ಇಟ್ಟಿದ್ದನ್ನ ಇಳಿಸಾಕ ನಾನ್ಯಾರು?”

ನೀಲಿ ಸೂಟ್‌ಕೇಸನ್ನು ಬಾಗಿಲ ಪಕ್ಕಕ್ಕೆ ಎಳೆದು ಮಲಗಿಸಿದೆ. ಹೊಸ್ತಿಲಿಲ್ಲದ ಮನೆಯಲ್ಲಿ ಅಂದಾಜಿನ ಮೇಲೆ ಹೊಸ್ತಿಲಿನ ಜಾಗ ಗೊತ್ತುಮಾಡಿದೆ. ಅದರ ಮೇಲೆ ಎಲೆ ಹಾಕಿ ಬಡಿಸಿ ಹೇಳಿದೆ, “ಹನುಮಪ್ಪಾ, ಬಂದಾಗ ಉಣ್ರಿ.” ನೂರು ವರ್ಷ ದಾಟಿದ ಮೇಲೂ ನಮ್ಮ ಮನೆ ಅವರನ್ನು ಸತ್ತವರೆಂದು ಒಪ್ಪಿಲ್ಲ. ನನ್ನಿಂದ ಅದು ಮುರಿಯುವುದಿಲ್ಲ.

ಆಮೇಲೆ ನಮ್ಮವರದು. ಒಂದು ಕ್ಷಣ ಅದನ್ನೂ ಸೂಟ್‌ಕೇಸಿನ ಮೇಲೆ ಇಡೋಣವೇ ಅನ್ನಿಸಿತು. ಜಾಗವೂ ಇತ್ತು. ಆದರೆ ಆ ಕಣ್ಣು ಮುಚ್ಚಿದ್ದು ನನ್ನ ಕೈ. ಆ ಹೆಂಗಸಿಗೆ ಸಿಗದೇ ಹೋದದ್ದು ನನಗೆ ಸಿಕ್ಕಿತ್ತು. ನೆಲದ ಮೇಲೆ ಎಲೆ ಹಾಕಿ, ಸಾರಿನಲ್ಲಿ ಮೂಳೆ ಹುಡುಕಿ ಹಾಕಿ, ಹೊತ್ತಿಸದ ಬೀಡಿಯೊಂದನ್ನು ಅಂಚಿಗೆ ಇಟ್ಟು, ಗಟ್ಟಿಯಾಗಿಯೇ ಹೇಳಿದೆ, “ಮಾರೆಪ್ಪನೋರೇ, ಉಂಡು ಹೋಗ್ರಿ. ಸರ್ ಅನ್ನಲಿಲ್ಲ ನಾನು. ಆದ್ರೂ ಕೈಗೆ ಕೊಟ್ರು.”

ಕಾಗೆಗೆಂದು ಒಂದು ತುತ್ತನ್ನು ಬಾಲ್ಕನಿಯಲ್ಲಿಟ್ಟೆವು. ಕಾಗೆ ಬರಲಿಲ್ಲ. ಕಡಲಹಕ್ಕಿಗಳು ಕಿರುಚಾಡಿಕೊಂಡು ಎರಗಿ, ವಡೆಗಾಗಿ ಜಗಳವಾಡಿ, ತಟ್ಟೆಯನ್ನೂ ಬೀಳಿಸಿದವು. ಗ್ರಹಾಂ ಗಾಬರಿಯಾಗಿ ಓಡಿಸಹೋದರು. “ಬಿಡ್ರಿ, ಹಸಿದಾವ,” ಎಂದೆ. ಕನ್ನಡ ಅರ್ಥವಾದವರಂತೆ ಅವರು ಸುಮ್ಮನಾದರು. ಸುಜಾತಾಳ ಫೋನು ಸದ್ದು ಮಾಡಿತು. ಶ್ರೀಧರ್ ಕೈಮುಗಿದ ಚಿತ್ರವೊಂದನ್ನು ಕಳಿಸಿದ್ದರು, ಮಾತಿಲ್ಲ. ಅವಳು ಫೋನನ್ನು ಬೋರಲು ಮಾಡಿ ಇಟ್ಟಳು.

ಕಟ್ಟಿನಲ್ಲಿ ಇನ್ನೂ ಒಂದು ಎಲೆ ಉಳಿದಿತ್ತು. ಅದನ್ನು ನಮ್ಮವರ ಎಲೆಯ ಪಕ್ಕದಲ್ಲಿ ಹಾಸಿದೆ. ಎಲ್ಲವನ್ನೂ ಎರಡು ಸಲ ಬಡಿಸಿದೆ. ಹನುಮಪ್ಪನ ಹೆಂಡತಿಗೆ ಏನು ಇಷ್ಟವಿತ್ತೆಂದು ಹೇಗೆ ತಿಳಿಯುವುದು? ನನ್ನ ಕೈಯ ಒಂದು ಹಸಿರು ಬಳೆ ತೆಗೆದು ಎಲೆಯ ತುದಿಗೆ ಇಟ್ಟೆ. ಊರಿನವರು ಹೇಳಿದರೂ ನಾನು ತೆಗೆಯದಿದ್ದ ಬಳೆ ಅದು.

“ಕರೀರಿ ದೊಡ್ಡಮ್ಮ,” ಎಂದಳು ಸುಜಾತಾ. “ಹೆಸರು ಹೇಳಿ ಕರೀಬೇಕಲ್ಲ.”

ಬಾಯಿ ತೆರೆದೆ, ಕರೆಯಲು ಹೆಸರೇ ಗೊತ್ತಿರಲಿಲ್ಲ. ಬಳ್ಳಾರಿಗೆ ಮರಳಿದ ಮೇಲೆ ಮೈದುನನನ್ನು ಕೇಳಿದೆ, ಕೇರಿಯ ಹಿರಿಯರನ್ನು ಕೇಳಿದೆ, ಅತ್ತೆಯ ತವರಿನವರೆಗೂ ಹೋಗಿ ಕೇಳಿದೆ. ಸಿಪಾಯಿಯ ಹೆಸರು ಬೆಳ್ಳಿಯ ಅಂಚಿನಲ್ಲಿದೆ. ಅವನ ಹೆಂಡತಿಯ ಹೆಸರು ಯಾರಿಗೂ ಗೊತ್ತಿಲ್ಲ.